ಸಭೆಗೆ ಕರೆಯುವ ದನಿ: ಭರಮಸಾಗರ ಸೀಮೆಯ ರೈತಕೂಟಗಳ ಚರಿತ್ರೆ

ರೈತರನ್ನು ಒಂದೆಡೆ ಕೂಡಿಸಿ ಮಾತನಾಡಿಸುವ ಕೆಲಸಕ್ಕೆ ಮೊಬೈಲು, ವಿಡಿಯೊ, ವಾಟ್ಸಾಪ್ ಗುಂಪು ಮುಂತಾದ ಡಿಜಿಟಲ್ ಸಾಧನಗಳನ್ನು ಬಳಸುವುದು ಇಂದು ಕೃಷಿ ಇಲಾಖೆ, ಸಹಕಾರ ಸಂಘ, ಸ್ವಯಂಸೇವಾ ಸಂಸ್ಥೆ ಎಲ್ಲೆಡೆಯೂ ರೂಢಿಗೆ ಬಂದಿದೆ. ಸಾಧನಗಳು ಹೊಸವಾದರೂ ಅವುಗಳ ಹಿಂದಿನ ಪ್ರಶ್ನೆ ಹಳೆಯದು. ಚಿತ್ರದುರ್ಗ ಜಿಲ್ಲೆಯಂತಹ ಮಳೆ ಕಡಿಮೆಯ ಸೀಮೆಯಲ್ಲಿ ಪ್ರತಿಯೊಂದು ಕಾಲವೂ ತನ್ನ ಕೈಗೆ ಸಿಕ್ಕ ಸಾಧನದಿಂದಲೇ ರೈತರನ್ನು ಸಭೆಗೆ ಕರೆದಿದೆ. ಡಂಗುರ, ಕಾಗದದ ನೋಟೀಸು, ಪಂಚಾಯಿತಿ ರೇಡಿಯೊ, ಮೈಕು, ಮೊಬೈಲು ಇವು ಒಂದರ ಹಿಂದೊಂದು ಬಂದಿವೆ. ಕರೆಯುವ ಸಾಧನ ಬದಲಾದಾಗಲೆಲ್ಲ ಸಭೆಯ ಒಳಗಿರುವವರು ಮತ್ತು ಹೊರಗಿರುವವರ ನಡುವಣ ಗೆರೆಯೂ ಸ್ವಲ್ಪ ಸರಿದಿದೆ ಎಂಬುದೇ ಈ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿ.

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯ ಮೇಲಿರುವ ಭರಮಸಾಗರ, ಚಿತ್ರದುರ್ಗ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಅದರ ಹೆಸರಿನಲ್ಲಿರುವ 'ಸಾಗರ' ಒಂದು ದೊಡ್ಡ ಕೆರೆ. 1689ರಿಂದ 1721ರವರೆಗೆ ಚಿತ್ರದುರ್ಗವನ್ನು ಆಳಿದ ಪಾಳೆಯಗಾರ ಭರಮಣ್ಣ ನಾಯಕನ ಹೆಸರನ್ನು ಅದು ಹೊತ್ತಿದೆ. ದುರ್ಗದ ಪಾಳೆಯಗಾರರ ಪೈಕಿ ಕೆರೆ ಮತ್ತು ಗುಡಿಗಳನ್ನು ಕಟ್ಟಿಸಿದ್ದಕ್ಕಾಗಿ ವಿಶೇಷವಾಗಿ ನೆನೆಯಲ್ಪಡುವವನು ಇವನೇ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಷ್ಟೇ ಮಳೆಯಾಗುವ ಈ ನೆಲದಲ್ಲಿ ಕೆರೆ ಕೇವಲ ನೀರಿನ ಸಂಗ್ರಹವಾಗಿರಲಿಲ್ಲ. ಕೆರೆ ಇದ್ದ ಕಡೆ ಅಚ್ಚುಕಟ್ಟು, ಎಂದರೆ ಕೆರೆಯ ನೀರು ಹರಿಯುವ ಗದ್ದೆ ತೋಟಗಳ ಪ್ರದೇಶ, ಇರುತ್ತಿತ್ತು. ಅಚ್ಚುಕಟ್ಟು ಇದ್ದ ಕಡೆ ನೀರಿನ ಸರದಿ ಇರುತ್ತಿತ್ತು. ಸರದಿ ಇದ್ದ ಕಡೆ ರೈತರು ಕೂತು ಮಾತನಾಡಲೇಬೇಕಾಗಿತ್ತು. ಈ ಸೀಮೆಯಲ್ಲಿ ರೈತಕೂಟಕ್ಕೆ ಮೊದಲ ಕಾರಣ ಕೆರೆಯೇ ಎಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ಕೆರೆಯ ನೀರನ್ನು ನಿರ್ವಹಿಸುತ್ತಿದ್ದವನು ನೀರುಗಂಟಿ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಊರಿನ ಸೇವೆಗಾಗಿ ಬೆಳೆಯಲ್ಲಿ ಪಾಲನ್ನೋ ಇನಾಮು ಭೂಮಿಯನ್ನೋ ಪಡೆಯುತ್ತಿದ್ದ ಹನ್ನೆರಡು ಆಯಗಾರರಲ್ಲಿ ಇವನೂ ಒಬ್ಬ. ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ತಿರುಗಿಸಬೇಕು, ಕೋಡಿ ಬೀಳುವ ಲಕ್ಷಣವಿದ್ದಾಗ ಊರನ್ನು ಹೇಗೆ ಎಚ್ಚರಿಸಬೇಕು ಎಂಬುದು ಅವನ ಹೊಣೆಯಾಗಿತ್ತು. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಭತ್ತ ಹಾಕಬೇಕೇ ಅಥವಾ ಕಡಿಮೆ ನೀರು ಕೇಳುವ ಬೆಳೆಯಿಡಬೇಕೇ ಎಂಬುದನ್ನು ಅವನೊಬ್ಬನೇ ತೀರ್ಮಾನಿಸುವಂತಿರಲಿಲ್ಲ. ಅದಕ್ಕೆ ಊರು ಸೇರಬೇಕಾಗಿತ್ತು. ಊರನ್ನು ಸೇರಿಸಲು ಡಂಗುರ ಹೊಡೆಯಬೇಕಾಗಿತ್ತು. ಸಂಜೆ ದನಗಳು ಕೊಟ್ಟಿಗೆ ಸೇರುವ ಹೊತ್ತಿಗೆ, ಹೊಲದಿಂದ ಬಂದವರು ಕೈಕಾಲು ತೊಳೆದು ಜಗುಲಿಗೆ ಬರುವ ಸಮಯ ನೋಡಿಕೊಂಡು, ಊರ ಚಾಕರಿಯವನಾದ ತೋಟಿ ತಮಟೆ ಹಿಡಿದು ಕೇರಿಯಿಂದ ಕೇರಿಗೆ ನಡೆಯುತ್ತಿದ್ದ. ಬೀದಿಯ ತಿರುವಿನಲ್ಲಿ ನಿಂತು ನಾಲ್ಕು ಪೆಟ್ಟು ಹಾಕಿ, ಸಭೆ ಎಲ್ಲಿ, ಯಾವಾಗ, ಯಾತಕ್ಕೆ ಎಂಬುದನ್ನು ಕೂಗಿ ಹೇಳಿ ಮುಂದಿನ ತಿರುವಿಗೆ ಹೋಗುತ್ತಿದ್ದ. ಅಕ್ಷರ ಬಾರದವರಿಗೂ ತಲುಪುತ್ತಿದ್ದ ಈ ಕರೆ ಬೇಡವೆಂದವರ ಕಿವಿಗೂ ಬೀಳುತ್ತಿತ್ತು. 'ನನಗೆ ಸುದ್ದಿ ಗೊತ್ತಾಗಲಿಲ್ಲ' ಎಂದು ಹೇಳುವ ಅವಕಾಶವನ್ನು ಅದು ಯಾರಿಗೂ ಉಳಿಸುತ್ತಿರಲಿಲ್ಲ.

ಆದರೆ ಡಂಗುರ ಹೊಡೆದವನು ಆ ಸಭೆಯಲ್ಲಿ ಕೂರುವಂತಿರಲಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಅಸ್ಪೃಶ್ಯವೆಂದು ದೂರವಿಡಲಾದ ಜಾತಿಗೆ ಸೇರಿದ ತೋಟಿ ಊರನ್ನೆಲ್ಲ ಚಾವಡಿಗೆ ಕರೆದು, ತಾನು ಮಾತ್ರ ಅದರ ಹೊರಗೆ, ಕರೆದರೆ ಓಗೊಡುವಷ್ಟು ದೂರದಲ್ಲಿ ನಿಲ್ಲುತ್ತಿದ್ದ. ಹೆಂಗಸರಿಗೂ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಕಳೆ ತೆಗೆಯುವುದರಿಂದ ಹಿಡಿದು ಬೀಜ ಕಾಪಾಡುವವರೆಗಿನ ಕೃಷಿಯ ಅರ್ಧಕ್ಕೂ ಹೆಚ್ಚು ಕೆಲಸ ಅವರ ಕೈಯಲ್ಲಿದ್ದರೂ, ಅವರ ಅಭಿಪ್ರಾಯ ಸಭೆಗೆ ತಲುಪಬೇಕಾದರೆ ಮನೆಯ ಗಂಡಸಿನ ಬಾಯಿಂದಲೇ ತಲುಪಬೇಕಾಗಿತ್ತು. ಹಳೆಯ ಊರ ಸಭೆಯನ್ನು ಗ್ರಾಮ ಪ್ರಜಾಪ್ರಭುತ್ವದ ಮಾದರಿಯೆಂದು ಹೊಗಳುವ ಬರಹಗಳು ಈ ಎರಡು ಸಂಗತಿಗಳನ್ನು ಬದಿಗೆ ಸರಿಸುತ್ತವೆ. ಕರೆ ಎಲ್ಲರಿಗೂ ಕೇಳಿಸಿತು ಎಂಬುದಕ್ಕೂ ಸಭೆ ಎಲ್ಲರದಾಗಿತ್ತು ಎಂಬುದಕ್ಕೂ ನಡುವೆ ದೊಡ್ಡ ಅಂತರವಿದೆ, ಮತ್ತು ಆ ಅಂತರ ಮುಂದಿನ ಪ್ರತಿಯೊಂದು ಸಾಧನದ ಚರಿತ್ರೆಯಲ್ಲೂ ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಭೆ ಕಾನೂನಿನ ಚೌಕಟ್ಟಿಗೆ ಬಂದಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ನಂತರ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾಯ್ದೆಯನ್ನು ತಂದಿತು. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯಿತಿಗಳಿಗೆ ಸಂಬಂಧಿಸಿದ ನಿಬಂಧನೆಯನ್ನು ಜಾರಿಗೊಳಿಸಿ, ಕೆರೆಯ ರಿಪೇರಿ ಮತ್ತು ನಿರ್ವಹಣೆಯ ಹೊಣೆಯನ್ನು ಊರಿನವರ ಸಮಿತಿಗೆ ಒಪ್ಪಿಸುವ ದಾರಿ ಮಾಡಿತು. ಇವುಗಳೊಂದಿಗೆ ರೈತರ ಬದುಕಿಗೆ ಮೂರು ಹೊಸ ವಸ್ತುಗಳು ಬಂದವು: ಸಭೆಯ ದಿನಾಂಕ ಮತ್ತು ವಿಷಯಗಳನ್ನು ತಿಳಿಸುವ ನೋಟೀಸು, ಸಭೆ ನಡೆಯಲು ಕನಿಷ್ಠ ಇಷ್ಟು ಮಂದಿ ಇರಲೇಬೇಕೆಂಬ ಕೋರಂ, ಸಭೆಯಲ್ಲಿ ಆದ ತೀರ್ಮಾನಗಳನ್ನು ಬರೆದು ಹಾಜರಿದ್ದವರ ರುಜು ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳುವ ನಡವಳಿ ಪುಸ್ತಕ.

ಈ ಮೂರೂ ಅಕ್ಷರಸ್ಥರ ಕೈಯಲ್ಲಿದ್ದವು. ನೋಟೀಸನ್ನು ಸಂಘದ ಬಾಗಿಲಿಗೆ ಅಂಟಿಸಿದರೆ ಕಾನೂನು ಪಾಲಿಸಿದಂತಾಗುತ್ತಿತ್ತು. ಓದಲು ಬಾರದ ಸದಸ್ಯನಿಗೆ ಅದು ತಲುಪಿತೇ ಎಂಬ ಪ್ರಶ್ನೆ ಕಾನೂನಿನದಾಗಿರಲಿಲ್ಲ. ಸಹಕಾರ ಸಂಘಗಳ ಮಹಾಸಭೆಗಳಲ್ಲಿ 'ಕೋರಂ ಅಭಾವದಿಂದ ಸಭೆಯನ್ನು ಮುಂದೂಡಲಾಗಿದೆ' ಎಂಬ ಸಾಲು ಇಂದಿಗೂ ಪರಿಚಿತವಾದದ್ದು. ಸಭೆಗೆ ಬಾರದ ಸದಸ್ಯರ ಮನೆಗೆ ಪುಸ್ತಕವನ್ನೇ ಕಳುಹಿಸಿ ರುಜು ಹಾಕಿಸಿಕೊಂಡು ಬರುವ ಪದ್ಧತಿ ಅನೇಕ ಕಡೆ ಬೆಳೆದು ಬಂದದ್ದೂ ಗುಟ್ಟಿನ ಮಾತಲ್ಲ. ಕರ್ನಾಟಕದ ಸಹಕಾರ ಕಾಯ್ದೆ ಸತತವಾಗಿ ಮಹಾಸಭೆಗಳಿಗೆ ಗೈರಾಗುವ ಸದಸ್ಯರ ಮತದಾನದ ಹಕ್ಕನ್ನು ಕಸಿಯುವ ನಿಯಮವನ್ನು ಮುಂದೆ ಸೇರಿಸಿಕೊಂಡಿತು. ದಂಡನೆಯ ಭಯದಿಂದ ಹಾಜರಾತಿ ಪುಸ್ತಕ ತುಂಬಬಹುದು. ಆದರೆ ಹಿಂದಿನ ಸಾಲಿನಲ್ಲಿ ಕೂತು ಕಾಫಿ ಕುಡಿದು ರುಜು ಹಾಕಿ ಹೋಗುವವನನ್ನು ಭಾಗವಹಿಸಿದವನೆಂದು ಎಣಿಸುವುದು ಹೇಗೆ?

ಸಭೆಗೆ ಕರೆಯುವ ಸಾಧನವೇ ಸಭೆಯ ವಿಷಯವನ್ನೂ ಹೊತ್ತು ತರಬಲ್ಲದು ಎಂಬ ಯೋಚನೆ ಬಂದದ್ದು ರೇಡಿಯೊದೊಂದಿಗೆ. 1941ರಲ್ಲಿ ಕೆನಡಾದಲ್ಲಿ ಆರಂಭವಾದ ರೈತ ರೇಡಿಯೊ ವೇದಿಕೆಯಲ್ಲಿ ನೆರೆಹೊರೆಯ ರೈತರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಕಾರ್ಯಕ್ರಮ ಕೇಳಿ, ಅದರ ಮೇಲೆ ಚರ್ಚಿಸಿ, ತಮ್ಮ ಅಭಿಪ್ರಾಯಗಳನ್ನು ಬರೆದು ಕಳುಹಿಸುತ್ತಿದ್ದರು. ಯುನೆಸ್ಕೊ ನೆರವಿನಿಂದ ಆಕಾಶವಾಣಿ 1956ರಲ್ಲಿ ಪುಣೆ ಕೇಂದ್ರದ ಮೂಲಕ ಈ ಮಾದರಿಯನ್ನು ಭಾರತದಲ್ಲಿ ಪರೀಕ್ಷಿಸಿತು. ಪುಣೆ, ಅಹಮದ್‌ನಗರ, ನಾಸಿಕ್, ಉತ್ತರ ಸಾತಾರ ಮತ್ತು ಬೆಳಗಾವಿಯ ಮಗ್ಗುಲಲ್ಲೇ ಇರುವ ಕೊಲ್ಹಾಪುರ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ತಲಾ ಇಪ್ಪತ್ತರಷ್ಟು ಮಂದಿಯ ಕೂಟಗಳನ್ನು ಕಟ್ಟಿ, ಹತ್ತು ವಾರಗಳ ಕಾಲ ವಾರಕ್ಕೆರಡರಂತೆ ಅರ್ಧ ಗಂಟೆಯ 20 ಕಾರ್ಯಕ್ರಮಗಳನ್ನು ಪ್ರಸಾರ ಮಾಡಲಾಯಿತು. ಪ್ರಸಾರ ಮುಗಿದ ಮೇಲೆ ರೇಡಿಯೊ ಆರಿಸಿ ಕೂಟದವರು ಚರ್ಚೆಗೆ ತೊಡಗುತ್ತಿದ್ದರು. ಸಂಚಾಲಕ ಅವರ ಪ್ರಶ್ನೆಗಳನ್ನು ಬರೆದು ಕೇಂದ್ರಕ್ಕೆ ಕಳುಹಿಸುತ್ತಿದ್ದ. ಉತ್ತರ ಮುಂದಿನ ಪ್ರಸಾರದಲ್ಲಿ ಬರುತ್ತಿತ್ತು. ಈ ಪ್ರಯೋಗವನ್ನು ಅಧ್ಯಯನ ಮಾಡಿದ ಸಮಾಜವಿಜ್ಞಾನಿ ಪಾಲ್ ನ್ಯೂರಾತ್, ಕೂಟಗಳಿದ್ದ ಹಳ್ಳಿಗಳಲ್ಲಿ ರೈತರ ತಿಳಿವಳಿಕೆ ಗಣನೀಯವಾಗಿ ಹೆಚ್ಚಿದ್ದನ್ನೂ, ರೇಡಿಯೊ ಇದ್ದು ಕೂಟವಿಲ್ಲದ ಹಳ್ಳಿಗಳಲ್ಲಿ ಅಷ್ಟು ಹೆಚ್ಚದಿದ್ದುದನ್ನೂ ದಾಖಲಿಸಿದರು. ತಿಳಿವಳಿಕೆ ಹೆಚ್ಚಲು ಪೆಟ್ಟಿಗೆಯೊಂದೇ ಸಾಲದು, ಪೆಟ್ಟಿಗೆಯ ಸುತ್ತ ಕೂತವರ ಮಾತೂ ಬೇಕು ಎಂಬುದನ್ನು ಇಷ್ಟು ನೇರವಾಗಿ ತೋರಿಸಿಕೊಟ್ಟ ಪ್ರಯೋಗ ಭಾರತದಲ್ಲಿ ಅದಕ್ಕೆ ಮೊದಲು ನಡೆದಂತಿಲ್ಲ, ಮತ್ತು ನಂತರದ ಅರ್ಧ ಶತಮಾನ ಈ ಪಾಠವನ್ನು ಮತ್ತೆ ಮತ್ತೆ ಮರೆತು ಮತ್ತೆ ಮತ್ತೆ ಕಲಿಯಿತು.

ಚಿತ್ರದುರ್ಗ ಸೀಮೆಗೆ ಈ ಗಾಳಿ ಬೀಸಿದ್ದು 1960ರ ದಶಕದಲ್ಲಿ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ ಈ ಬಯಲುಸೀಮೆಯ ಹಳ್ಳಿಗಳಲ್ಲೂ ಕೇಳಿಸುತ್ತಿತ್ತು. 1966ರಿಂದ ಆಕಾಶವಾಣಿ ಕೇಂದ್ರಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಶುರುವಾದವು. ಅಧಿಕ ಇಳುವರಿಯ ತಳಿಗಳನ್ನು ಹಬ್ಬಿಸುವ ಸಲುವಾಗಿ ಕೇಂದ್ರ ಸರ್ಕಾರ ರೂಪಿಸಿದ ರೈತ ತರಬೇತಿ ಕಾರ್ಯಕ್ರಮದಡಿ, ರೇಡಿಯೊ ಕೇಳಿ ಚರ್ಚಿಸುವ ಕೂಟಗಳಿಗೆ ಚರ್ಚಾ ಮಂಡಲ ಎಂಬ ಹೆಸರು ಬಂದಿತು. ಪಂಚಾಯಿತಿ ಕಟ್ಟಡದ ರೇಡಿಯೊಗೆ ಧ್ವನಿವರ್ಧಕ ಜೋಡಿಸಿ ಸಂಜೆಯ ಕೃಷಿರಂಗ ಕಾರ್ಯಕ್ರಮವನ್ನು ಊರಿಗೆ ಕೇಳಿಸುವ ಪದ್ಧತಿಯೂ ಇದೇ ಕಾಲದ್ದು. ಇಲ್ಲಿ ಒಂದು ಬದಲಾವಣೆಯನ್ನು ಗುರುತಿಸಬೇಕು. ಪಂಚಾಯಿತಿ ಕಟ್ಟೆಯ ಬಳಿಗೆ ಬಾರದೆಯೇ, ಎದುರು ಮನೆಯ ಜಗುಲಿಯಲ್ಲಿ ಅವರೆ ಬಿಡಿಸುತ್ತ ಕೂತ ಹೆಂಗಸಿಗೂ, ದೂರದ ಕೇರಿಯವನಿಗೂ ಧ್ವನಿವರ್ಧಕದ ಮಾತು ಕೇಳುತ್ತಿತ್ತು. ಕೇಳುವ ಹಕ್ಕಿಗೆ ಜಾತಿಯ ಮತ್ತು ಲಿಂಗದ ಗೆರೆ ಸ್ವಲ್ಪ ಸಡಿಲವಾಯಿತು. ಪ್ರಶ್ನೆ ಕೇಳುವ ಹಕ್ಕು ಮಾತ್ರ ಹಳೆಯ ಕಟ್ಟೆಯ ಮೇಲೆಯೇ ಉಳಿಯಿತು.

ಬಳಿಕ ಟ್ರಾನ್ಸಿಸ್ಟರ್ ಅಗ್ಗವಾಯಿತು. ಮನೆಮನೆಗೂ, ಕೊನೆಗೆ ಹೊಲದ ಬದುವಿಗೂ ರೇಡಿಯೊ ಹೋದದ್ದು ರೈತನಿಗೆ ಲಾಭವೇ ಆದರೂ, ಒಂದು ಪೆಟ್ಟಿಗೆಯ ಸುತ್ತ ಹಲವರು ಕೂರಬೇಕಾದ ಅನಿವಾರ್ಯ ತಪ್ಪಿದ್ದರಿಂದ ಕೂಟ ಕರಗಿತು. ಅಪರೂಪದ ಸಾಧನ ಜನರನ್ನು ಕೂಡಿಸುತ್ತದೆ, ಅದೇ ಸಾಧನ ಪ್ರತಿಯೊಬ್ಬರ ಕೈಗೆ ಬಂದಾಗ ಅವರನ್ನು ಚದುರಿಸುತ್ತದೆ ಎಂಬ ಈ ಮಾದರಿ ಟೆಲಿವಿಷನ್ನಿನಲ್ಲೂ ಮೊಬೈಲಿನಲ್ಲೂ ಮರುಕಳಿಸಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳ ಸಮುದಾಯ ಟಿ.ವಿ.ಗಳ ಮುಂದೆ ಜನ ಕಿಕ್ಕಿರಿದು ಕೂತರು. ಕರ್ನಾಟಕದಲ್ಲಿ ಅದು ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳಿಗೆ ಸೀಮಿತವಾಗಿದ್ದರಿಂದ ಚಿತ್ರದುರ್ಗ ಅದರ ಹೊರಗೇ ಉಳಿಯಿತು.

1980ರ ದಶಕ ಸಾಧನಗಳ ಮೇಲಿನ ಭರವಸೆಯನ್ನು ಬೇರೊಂದು ದಿಕ್ಕಿನಿಂದ ಪ್ರಶ್ನಿಸುತ್ತದೆ. ನರಗುಂದ–ನವಲಗುಂದದ ರೈತ ಬಂಡಾಯದ ಬೆನ್ನಲ್ಲೇ 1980ರಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ನಾಯಕತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಸಂಘಟಿತವಾದಾಗ, ಹಸಿರು ಶಾಲು ಹೊದ್ದ ರೈತರು ಕರಪತ್ರ, ಗೋಡೆಬರಹ ಮತ್ತು ಬಾಯಿಮಾತಿನ ಕರೆಗೆ ಓಗೊಟ್ಟು ಸಾವಿರಾರು ಸಂಖ್ಯೆಯಲ್ಲಿ ನೆರೆದರು. ಸಹಕಾರ ಸಂಘದ ಮಹಾಸಭೆಗೆ ಕೋರಂ ಇಲ್ಲದ ಕಾಲದಲ್ಲೇ, ಊಟ ಕಟ್ಟಿಕೊಂಡು ಲಾರಿ ಹತ್ತಿ ದೂರದ ಸಮಾವೇಶಕ್ಕೆ ಹೋಗುವವರು ಇದ್ದರು. ಸಾಲ, ಲೆವಿ, ನೀರಿನ ಕರ, ಬೆಳೆಯ ಬೆಲೆ ಇವು ಅಲ್ಲಿ ಚರ್ಚೆಗೆ ಬರುತ್ತವೆಂದು ಅವರಿಗೆ ಗೊತ್ತಿತ್ತು, ಮತ್ತು ತಮ್ಮ ಹಾಜರಿಯಿಂದ ಏನಾದರೂ ಬದಲಾಗುತ್ತದೆಂಬ ನಂಬಿಕೆಯಿತ್ತು. ರೈತ ಸಭೆಗೆ ಬರುವುದಿಲ್ಲ ಎಂದು ದೂರುವ ಯಾವ ಸಂಸ್ಥೆಯಾದರೂ ಮೊದಲು ತನ್ನ ಸಭೆಯ ವಿಷಯಪಟ್ಟಿಯನ್ನು ನೋಡಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಅದೇ ದಶಕದಲ್ಲಿ ಮೈರಾಡದಂತಹ ಸ್ವಯಂಸೇವಾ ಸಂಸ್ಥೆಗಳು ಬೆಳೆಸಿದ ಸ್ವಸಹಾಯ ಗುಂಪುಗಳು, ಹದಿನೈದು ಇಪ್ಪತ್ತು ಮಂದಿಯ ಸಣ್ಣ ವಾರದ ಸಭೆಯಲ್ಲಿ ಹೆಂಗಸರು ಮೊದಲ ಬಾರಿಗೆ ತಮ್ಮದೇ ಲೆಕ್ಕಪುಸ್ತಕ ಇಟ್ಟುಕೊಂಡು ಮಾತನಾಡುವಂತೆ ಮಾಡಿದವು.

ಗಣಕಯಂತ್ರ ಈ ಸೀಮೆಯ ರೈತನ ಬದುಕನ್ನು ಮೊದಲು ಮುಟ್ಟಿದ್ದು ಸಭೆಯಲ್ಲಲ್ಲ, ತಾಲ್ಲೂಕು ಕಚೇರಿಯಲ್ಲಿ. 2001ರ ಹೊತ್ತಿಗೆ 'ಭೂಮಿ' ಯೋಜನೆ ಪಹಣಿಗಳನ್ನು ಗಣಕೀಕರಿಸಿತು. ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳೂ ಅದೇ ಹೊತ್ತಿನವು. ಕೂಟದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ. ಜಲಾನಯನವೆಂದರೆ ಬಿದ್ದ ಮಳೆಯೆಲ್ಲ ಒಂದೇ ಹಳ್ಳಕ್ಕೆ ಹರಿದು ಸೇರುವ ಭೂಪ್ರದೇಶ. ಅಲ್ಲಿ ಮಣ್ಣು ಮತ್ತು ನೀರನ್ನು ಉಳಿಸುವ ಕೆಲಸವನ್ನು ಊರಿನವರೇ ಯೋಜಿಸಬೇಕೆಂಬುದು ಸುಜಲದ ತತ್ವ. 2001ರಿಂದ ಚಿತ್ರದುರ್ಗ, ತುಮಕೂರು, ಕೋಲಾರ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಈ ಯೋಜನೆಯಲ್ಲಿ ಉಪಗ್ರಹ ಚಿತ್ರಗಳನ್ನೂ ಗಣಕ ನಕ್ಷೆಗಳನ್ನೂ ವ್ಯಾಪಕವಾಗಿ ಬಳಸಲಾಯಿತು.

ಇಂತಹ ಸಹಭಾಗಿ ಯೋಜನೆಗಳ ಸಭೆಗಳಲ್ಲಿ ಎರಡು ಬಗೆಯ ನಕ್ಷೆಗಳು ಎದುರಾಗುತ್ತಿದ್ದವು. ಒಂದನ್ನು ಊರಿನವರು ಗುಡಿಯ ಮುಂದಿನ ನೆಲದ ಮೇಲೆ ರಂಗೋಲಿ ಪುಡಿ, ಇದ್ದಿಲು, ಎಲೆ, ಕಲ್ಲುಗಳಿಂದ ತಾವೇ ಬಿಡಿಸುತ್ತಿದ್ದರು: ಇಲ್ಲಿ ಹಳ್ಳ, ಇಲ್ಲಿ ಒಡೆದ ಬದು, ಇಲ್ಲಿ ಬತ್ತಿದ ಬಾವಿ, ಇದು ಬೇಸಿಗೆಯಲ್ಲಿ ದನ ಮೇಯುವ ಗೋಮಾಳ. ಇನ್ನೊಂದು ಆಕಾಶದಿಂದ ತೆಗೆದ ಚಿತ್ರದ ಮೇಲೆ ಸರ್ವೆ ನಂಬರುಗಳನ್ನು ಕೂಡಿಸಿ ಅಚ್ಚು ಹಾಕಿದ ಬಣ್ಣದ ಹಾಳೆ. ನೆಲದ ನಕ್ಷೆಗೆ ಅಳತೆಯ ನಿಖರತೆ ಇರಲಿಲ್ಲ. ಆದರೆ ಅದರ ಸುತ್ತ ನಿಂತವರಲ್ಲಿ ಯಾರು ಬೇಕಾದರೂ ಬಗ್ಗಿ ಒಂದು ಗೆರೆಯನ್ನು ಅಳಿಸಿ ಇನ್ನೊಂದನ್ನು ಎಳೆಯಬಹುದಿತ್ತು, ಮತ್ತು ಹಾಗೆ ಎಳೆಯುವಾಗ ಅಕ್ಷರ ಬಾರದ ಮುದುಕಿಯೂ ಎಂಜಿನಿಯರನ್ನು ತಿದ್ದಬಲ್ಲವಳಾಗಿದ್ದಳು. ಅಚ್ಚಾದ ನಕ್ಷೆಯನ್ನು ಹಾಗೆ ತಿದ್ದಲು ಬರುತ್ತಿರಲಿಲ್ಲ. ಒಂದರಿಂದ ಕಲಿತು ಇನ್ನೊಂದನ್ನು ಸರಿಪಡಿಸಿದ ಕಡೆ ಸಭೆಗೆ ಜೀವ ಬಂದಿತು. ಅಚ್ಚಾದ ನಕ್ಷೆಯನ್ನೇ ಅಂತಿಮವೆಂದು ಹಿಡಿದ ಕಡೆ ಊರಿನವರು ಕೇಳುಗರಾಗಿಯೇ ಉಳಿದರು. 2009ರಲ್ಲಿ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಭೂಚೇತನ ಯೋಜನೆಯೂ ಮೊದಲ ಹಂತದಲ್ಲೇ ಚಿತ್ರದುರ್ಗವನ್ನು ಸೇರಿಸಿಕೊಂಡಿತು. ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷಿಸಿ ಬಂದ ಫಲಿತಾಂಶವನ್ನು ಹಳ್ಳಿಯ ಗೋಡೆಗಳ ಮೇಲೆ ಬರೆಸಿದ್ದು ಮತ್ತು ಅದೇ ಊರಿನ ರೈತರನ್ನು 'ರೈತ ಅನುವುಗಾರ'ರೆಂದು, ಎಂದರೆ ಇಲಾಖೆ ಮತ್ತು ರೈತರ ನಡುವಿನ ಸಂಪರ್ಕ ಕಾರ್ಯಕರ್ತರೆಂದು ನೇಮಿಸಿಕೊಂಡದ್ದು ಅದರ ಗುಣ.

ಡಿಜಿಟಲ್ ಸಾಧನವನ್ನು ರೈತರ ಕೂಟದ ನಡುವೆಯೇ ಇಟ್ಟು ಅಳೆದು ನೋಡಿದ ಪ್ರಯೋಗವೂ ಕರ್ನಾಟಕದ ನೆಲದಲ್ಲೇ ನಡೆಯಿತು. 2006ರಲ್ಲಿ ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು ರೂಪಿಸಿದ ಡಿಜಿಟಲ್ ಗ್ರೀನ್, ಗ್ರೀನ್ ಫೌಂಡೇಶನ್ ಸಂಸ್ಥೆಯ ಜೊತೆಗೂಡಿ 16 ಹಳ್ಳಿಗಳಲ್ಲಿ 13 ತಿಂಗಳ ಕಾಲ ಒಂದು ಪರೀಕ್ಷೆ ನಡೆಸಿತು. ಎಂಟು ಹಳ್ಳಿಗಳಲ್ಲಿ ಸ್ಥಳೀಯ ರೈತರೇ ತಮ್ಮ ಹೊಲದಲ್ಲಿ ಒಂದು ಪದ್ಧತಿಯನ್ನು ಮಾಡಿ ತೋರಿಸುವ ಕಿರು ವಿಡಿಯೊಗಳನ್ನು ಸಂಜೆ ಗುಂಪಿನಲ್ಲಿ ಕೂತು ನೋಡುವ ವ್ಯವಸ್ಥೆಯಾಯಿತು. ಉಳಿದ ಎಂಟರಲ್ಲಿ ಹಳೆಯ 'ತರಬೇತಿ ಮತ್ತು ಭೇಟಿ' ಕ್ರಮ, ಎಂದರೆ ಕಾರ್ಯಕರ್ತ ಊರಿಗೆ ಹೋಗಿ ಆಯ್ದ ರೈತರಿಗೆ ಹೇಳಿಕೊಡುವ ಕ್ರಮ, ಮುಂದುವರಿಯಿತು. ವಿಡಿಯೊ ಕೂಟಗಳಿದ್ದ ಹಳ್ಳಿಗಳಲ್ಲಿ ಕೆಲವು ಹೊಸ ಪದ್ಧತಿಗಳನ್ನು ಅಳವಡಿಸಿಕೊಂಡ ರೈತರ ಸಂಖ್ಯೆ ಆರರಿಂದ ಏಳು ಪಟ್ಟು ಹೆಚ್ಚಿತೆಂದು ಸಂಶೋಧಕರು ವರದಿ ಮಾಡಿದರು.

ಈ ಅಂಕಿಗಿಂತ ಹೆಚ್ಚಿನದನ್ನು ಹೇಳುವುದು ಆ ಕೂಟ ನಡೆಯುತ್ತಿದ್ದ ರೀತಿ. ಊರಿನವನೇ ಆದ ನಿರ್ವಾಹಕ ವಿಡಿಯೊವನ್ನು ಒಂದೇ ಉಸಿರಿಗೆ ಓಡಿಸದೆ, ನಡುನಡುವೆ ನಿಲ್ಲಿಸಿ, ನೋಡಿದ್ದೇನು, ಇದನ್ನು ಯಾರು ಮಾಡಿದ್ದೀರಿ, ಮಾಡಿದರೆ ತೊಂದರೆಯೇನು ಎಂದು ಕೇಳುತ್ತಿದ್ದ. ತೆರೆಯ ಮೇಲೆ ಬಂದ ರೈತ ಯಾರು, ಯಾವ ಊರಿನವನು ಎಂಬುದೇ ನೋಡುವವರು ಮೊದಲು ಕೇಳುತ್ತಿದ್ದ ಪ್ರಶ್ನೆ. ಪರಿಚಿತ ನೆಲ, ಪರಿಚಿತ ಮಾತಿನ ವರಸೆ, ತಮ್ಮಂಥದೇ ಬಟ್ಟೆ ಕಂಡಾಗ ನಂಬಿಕೆ ಹುಟ್ಟುತ್ತಿತ್ತು. ಮುಂದಿನ ವಿಡಿಯೊದಲ್ಲಿ ತಾವೂ ಕಾಣಿಸಿಕೊಳ್ಳಬೇಕೆಂಬ ಹಂಬಲ ಅವರನ್ನು ಮತ್ತೆ ಸಭೆಗೆ ಎಳೆಯುತ್ತಿತ್ತು. ಅದೇ ವಿಡಿಯೊವನ್ನು ನಿರ್ವಾಹಕನಿಲ್ಲದೆ ತೋರಿಸಿದರೆ ಅದರ ಪರಿಣಾಮ ಕುಗ್ಗುತ್ತಿತ್ತೆಂಬುದೂ ಸಂಶೋಧಕರ ಗಮನಕ್ಕೆ ಬಂದಿತು. ಪುಣೆಯ ರೇಡಿಯೊ ಕೂಟಗಳು 1956ರಲ್ಲಿ ತೋರಿಸಿಕೊಟ್ಟಿದ್ದನ್ನೇ ಕರ್ನಾಟಕದ ವಿಡಿಯೊ ಕೂಟಗಳು ಐವತ್ತು ವರ್ಷಗಳ ಮೇಲೆ ಮತ್ತೆ ತೋರಿಸಿಕೊಟ್ಟವು.

ಮೊಬೈಲಿನ ಆರಂಭದ ದಿನಗಳು ಈ ಪಾಠಕ್ಕೆ ಅಷ್ಟಾಗಿ ಕಿವಿಗೊಡಲಿಲ್ಲ. 2013ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಎಂ-ಕಿಸಾನ್ ವ್ಯವಸ್ಥೆಯ ಮೂಲಕ ರೈತರಿಗೆ ಎಸ್ಸೆಮ್ಮೆಸ್ಸುಗಳು ಬರತೊಡಗಿದವು. ಆದರೆ ಆಗಿನ ಬಹುಪಾಲು ಅಗ್ಗದ ಫೋನುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ, ಬಂದ ಸಂದೇಶ ಚೌಕದ ಸಾಲುಗಳಾಗಿಯೋ ಇಂಗ್ಲಿಷ್ ಅಕ್ಷರದ ಕನ್ನಡವಾಗಿಯೋ ಕಾಣುತ್ತಿತ್ತು. ನೋಟೀಸಿನ ಕಾಲದ ಅಕ್ಷರದ ಗೋಡೆ ಇಲ್ಲಿ ಇನ್ನಷ್ಟು ಎತ್ತರವಾಯಿತೆಂದರೂ ಸರಿಯೇ. ಆ ಗೋಡೆಯನ್ನು ಒಡೆದದ್ದು 2016ರ ನಂತರ ಡೇಟಾ ಅಗ್ಗವಾದಾಗ ಹಳ್ಳಿಗೆ ಬಂದ ವಾಟ್ಸಾಪು, ಅದರಲ್ಲೂ ಧ್ವನಿ ಸಂದೇಶ. ಬರೆಯಲು ಅಂಜುವ ರೈತ ಗುಂಡಿ ಒತ್ತಿ ಹಿಡಿದು ತನ್ನ ಮಾತಿನಲ್ಲೇ ಹೇಳಿದ. ಈರುಳ್ಳಿ ಗರಿಯ ಮೇಲಿನ ಮಚ್ಚೆಯನ್ನು, ಮೆಕ್ಕೆಜೋಳದ ಸುಳಿಯಲ್ಲಿ ಕೂತ ಸೈನಿಕ ಹುಳುವನ್ನು ಫೋಟೊ ತೆಗೆದು ಗುಂಪಿಗೆ ಹಾಕಿದ. ಪ್ರಶ್ನೆ ರೈತನ ಕಡೆಯಿಂದ ಹೊರಡುವುದು ಇಷ್ಟು ಸುಲಭವಾದದ್ದು ಇದೇ ಮೊದಲು, ಮತ್ತು ಈ ಸಾಧನಕ್ಕೆ ಸಲ್ಲಬೇಕಾದ ದೊಡ್ಡ ಗೌರವ ಇದೇ.

ಇದರ ಜೊತೆಗೇ ಹೊಸ ಗೆರೆಗಳೂ ಬಿದ್ದವು. ಊರಲ್ಲಿ ಡಂಗುರ ಎಲ್ಲರಿಗೂ ಕೇಳುತ್ತಿತ್ತು. ವಾಟ್ಸಾಪ್ ಕರೆ ಅಡ್ಮಿನ್ ಸೇರಿಸಿಕೊಂಡವರಿಗೆ ಮಾತ್ರ ಕೇಳುತ್ತದೆ. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಗಂಡಸಿನ ಅಥವಾ ಓದುವ ಮಗನ ಜೇಬಿನಲ್ಲಿರುತ್ತದೆ. ಸರ್ಕಾರದ ಡಿಜಿಟಲ್ ಪಟ್ಟಿಗಳಲ್ಲಿ ರೈತನೆಂದರೆ ಪಹಣಿಯಲ್ಲಿ ಹೆಸರಿರುವವನು. ಹೊಲವನ್ನು ಕೋರಿಗೆ ಅಥವಾ ಗುತ್ತಿಗೆಗೆ ಮಾಡುವವನು, ಗಂಡನ ಹೆಸರಿನ ಜಮೀನಿನಲ್ಲಿ ದುಡಿಯುವ ಹೆಂಡತಿ, ಭೂಮಿಯಿಲ್ಲದ ಕೂಲಿಯಾಳು ಆ ಪಟ್ಟಿಗೆ ಸೇರುವುದಿಲ್ಲವಾದ್ದರಿಂದ ಪಟ್ಟಿಯಿಂದ ಹೊರಡುವ ಕರೆಯೂ ಅವರಿಗೆ ತಲುಪುವುದಿಲ್ಲ. ಚಾವಡಿಯ ಹೊರಗೆ ನಿಂತವರು ಹಿಂದೆ ಕಣ್ಣಿಗೆ ಕಾಣುತ್ತಿದ್ದರು. ಪಟ್ಟಿಯ ಹೊರಗಿನವರು ಕಾಣಿಸುವುದೂ ಇಲ್ಲ ಎಂಬುದು ಈ ಕಾಲದ ಹೊರಗಿಡುವಿಕೆಯನ್ನು ಹೆಚ್ಚು ಅಪಾಯಕಾರಿಯಾಗಿಸಿದೆ.

ಕಾನೂನು ಕೇಳುವ ಹಾಜರಾತಿಗೂ ಡಿಜಿಟಲ್ ಸಾಧನಕ್ಕೂ ಸಂಬಂಧವಿದೆ. 2002ರ ತಿದ್ದುಪಡಿಯಿಂದ ಕಂಪನಿ ಕಾಯ್ದೆಯಲ್ಲಿ ಜಾಗ ಪಡೆದ ಉತ್ಪಾದಕರ ಕಂಪನಿ, ಎಂದರೆ ರೈತರೇ ಷೇರುದಾರರಾಗಿರುವ ಕಂಪನಿ, ಷೇರು ಎಷ್ಟೇ ಇದ್ದರೂ ಸದಸ್ಯರೊಬ್ಬರಿಗೆ ಒಂದೇ ಮತ ಎಂಬ ತತ್ವವನ್ನು ಸಹಕಾರ ಸಂಘದಿಂದ ಉಳಿಸಿಕೊಂಡಿದೆ. ಅದರ ಮಹಾಸಭೆಗೆ ಒಟ್ಟು ಸದಸ್ಯರ ಕಾಲುಭಾಗವಾದರೂ ಹಾಜರಿರಬೇಕು. ಸಾವಿರ ಸದಸ್ಯರ ಕಂಪನಿಗೆ ಇನ್ನೂರೈವತ್ತು ಮಂದಿ ಬೇಕು. ಬಿತ್ತನೆಯ ಹದ ಬಂದ ದಿನ ಅಷ್ಟು ಮಂದಿಯನ್ನು ಕೂಡಿಸುವುದು ಸುಲಭವಲ್ಲ. 2020ರ ಏಪ್ರಿಲ್ ಮತ್ತು ಮೇ ತಿಂಗಳ ಸುತ್ತೋಲೆಗಳ ಮೂಲಕ, ಕೋವಿಡ್ ಕಾರಣದಿಂದ, ಕಂಪನಿಗಳು ವಿಡಿಯೊ ಮೂಲಕ ಮಹಾಸಭೆ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಾಗ ಹೊಲದ ಬದುವಿನಿಂದಲೇ ಸಭೆಗೆ ಹಾಜರಾಗುವುದು ಕಾನೂನಿನ ಮಟ್ಟಿಗೆ ಸಾಧ್ಯವಾಯಿತು. ನೆಟ್‌ವರ್ಕ್ ಸಿಗದ ಹಟ್ಟಿಗಳಲ್ಲಿ ಆ ಅವಕಾಶ ಕಾಗದದಲ್ಲೇ ಉಳಿಯಿತು.

ಅದೇ 2020ರ ಏಪ್ರಿಲ್‌ನಲ್ಲಿ ಇದೇ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ನಡೆದ ಘಟನೆಯೊಂದು ಇಡೀ ರಾಜ್ಯದ ಗಮನ ಸೆಳೆಯಿತು. ಲಾಕ್‌ಡೌನ್‌ನಿಂದ ಈರುಳ್ಳಿಗೆ ಬೆಲೆಯೂ ಸಾಗಣೆಯೂ ಇಲ್ಲದೆ ಕಂಗೆಟ್ಟ ರೈತ ಮಹಿಳೆಯೊಬ್ಬರು ಮಾರಾಟವಾಗದ ಬೆಳೆಯನ್ನು ತೋರಿಸುತ್ತ ತಮ್ಮ ಸಂಕಟವನ್ನು ವಿಡಿಯೊದಲ್ಲಿ ಹೇಳಿಕೊಂಡರು. ಅದು ಫೋನಿನಿಂದ ಫೋನಿಗೆ ಹರಿದಾಡಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರನ್ನು ತಲುಪಿತು, ಮತ್ತು ಅವರು ಆ ಮಹಿಳೆಗೆ ಸ್ವತಃ ಕರೆ ಮಾಡಿ ಮಾತನಾಡಿದರು. ಕಟ್ಟೆಯ ಮೇಲೆ ಜಾಗವೇ ಇಲ್ಲದಿದ್ದವರ ದನಿ ವಿಧಾನಸೌಧಕ್ಕೆ ನೇರವಾಗಿ ತಲುಪಿದ ಈ ಗಳಿಗೆ ನಿಜಕ್ಕೂ ದೊಡ್ಡದು. ಆದರೆ ಅದು ಒಬ್ಬರ ಅಹವಾಲಿಗೆ ಸಿಕ್ಕ ಉತ್ತರ. ಅದೇ ಬೆಳೆ ಬೆಳೆದು ಅದೇ ನಷ್ಟ ಅನುಭವಿಸಿದ ಹಿರಿಯೂರು, ಚಳ್ಳಕೆರೆ, ಭರಮಸಾಗರ ಭಾಗದ ಸಾವಿರಾರು ಬೆಳೆಗಾರರು ಒಟ್ಟಾಗಿ ಕೂತು ದಾಸ್ತಾನು, ಸಾಗಣೆ, ಬೆಲೆಗಳ ಬಗ್ಗೆ ತೀರ್ಮಾನಿಸುವ ಸಭೆಯಲ್ಲ. ಫೋನು ಅಹವಾಲನ್ನು ಎಷ್ಟು ದೂರ ಕೊಂಡೊಯ್ದರೂ, ಬೆಳೆಗಾರರ ಒಪ್ಪಂದವನ್ನು ಕಟ್ಟಿಕೊಡುವ ಕೆಲಸ ಬೇರೆಯೇ ಇದೆ.

2021ರಲ್ಲಿ ಭರಮಸಾಗರದ ಕೆರೆಗೆ ಹರಿಹರದ ಬಳಿಯ ತುಂಗಭದ್ರಾ ನದಿಯಿಂದ ಪೈಪಿನ ಮೂಲಕ ನೀರು ಬಂದಿತು. ಈ ಏತ ನೀರಾವರಿ ಯೋಜನೆಯ ಹಿಂದೆ, ಇದೇ ಹೋಬಳಿಯ ಸಿರಿಗೆರೆಯಲ್ಲಿರುವ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರ ದೀರ್ಘ ಪ್ರಯತ್ನವಿತ್ತು. ಪಾಣಿನಿಯ ವ್ಯಾಕರಣವನ್ನು 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶವಾಗಿ ರೂಪಿಸಿದ, ಕನ್ನಡದ ಮಠಾಧೀಶರಲ್ಲಿ ಬಹಳ ಮೊದಲೇ ಗಣಕವನ್ನು ಕೈಗೆತ್ತಿಕೊಂಡ ಇವರ ಸನ್ನಿಧಿಯಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠಕ್ಕೆ, ಎಂದರೆ ಊರಿನ ಜಮೀನು, ಬದು, ಪಾಲುಗಳ ವ್ಯಾಜ್ಯಗಳನ್ನು ರಾಜಿಯಿಂದ ತೀರಿಸುವ ಸಭೆಗೆ, ಜನ ಇಂದಿಗೂ ಖುದ್ದಾಗಿಯೇ ಬರುತ್ತಾರೆ. ಗಣಕ ಬಲ್ಲ ಮಠದಲ್ಲೂ ಎದುರುಬದುರು ಕೂತು ಆಡುವ ಮಾತಿಗೆ ಬದಲಿ ಸಿಕ್ಕಿಲ್ಲ ಎಂಬುದು ಗಮನಾರ್ಹ. ಭರಮಸಾಗರದ ದೊಡ್ಡ ಕೆರೆಯಿಂದ ಸುತ್ತಲಿನ ನಲವತ್ತಕ್ಕೂ ಹೆಚ್ಚು ಕೆರೆಗಳಿಗೆ ನೀರು ಹಂಚುವ ಉದ್ದೇಶ ಯೋಜನೆಯದಾದ್ದರಿಂದ, ಒಂದು ಊರಿನ ತೂಬಿನ ಮುಂದೆ ಬಗೆಹರಿಯುತ್ತಿದ್ದ ಸರದಿಯ ಪ್ರಶ್ನೆ ಈಗ ಹತ್ತಾರು ಊರುಗಳ ನಡುವಿನ ಪ್ರಶ್ನೆಯಾಗಿದೆ. 1961ರ ಕಾಯ್ದೆಯಿಂದ ವಂಶಪಾರಂಪರ್ಯ ಗ್ರಾಮಾಧಿಕಾರಗಳು ರದ್ದಾಗಿ ನೀರುಗಂಟಿಯಂಥವರ ಹಳೆಯ ಆಯಗಾರಿಕೆ ಹೋಯಿತು. ಪೈಪು, ಪಂಪು, ವಾಲ್ವುಗಳ ಈ ಕಾಲದ ಹಂಚಿಕೆಗೆ ಅಚ್ಚುಕಟ್ಟುದಾರರೆಲ್ಲ ಒಪ್ಪುವ ಸಭೆ ಇನ್ನೂ ಬೇಕಾಗಿದೆ.

ಈ ಚರಿತ್ರೆಯ ಇತ್ತೀಚಿನ ಸಾಧನ ನಡವಳಿ ಪುಸ್ತಕಕ್ಕೆ ಸಂಬಂಧಿಸಿದ್ದು. ಗ್ರಾಮಸಭೆಯ ಧ್ವನಿ ಅಥವಾ ವಿಡಿಯೊ ಮುದ್ರಣವನ್ನು ಕೇಳಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ನಡವಳಿಯನ್ನು ತಾನೇ ಬರೆಯುವ 'ಸಭಾಸಾರ್' ಎಂಬ ವ್ಯವಸ್ಥೆಯನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತ್ರಿಪುರಾದಿಂದ ಆರಂಭಿಸಿತು. ಆಡಿದ ಮಾತು ಬರೆಯುವವನ ಕೈಯಲ್ಲಿ ಬದಲಾಗುವುದನ್ನೂ, ಸಭೆಯೇ ನಡೆಯದೆ ನಡವಳಿ ಹುಟ್ಟುವುದನ್ನೂ ಇದು ತಡೆಯಬಲ್ಲದಾದರೆ, ನೂರು ವರ್ಷಗಳಿಂದ ಬರಹ ಬಲ್ಲವರ ವಶದಲ್ಲಿದ್ದ ಪುಸ್ತಕ ಸಭೆಯ ಕೈಗೆ ಬಂದಂತಾಗುತ್ತದೆ. ಅದಕ್ಕೆ ಭರಮಸಾಗರ, ಹೊಸದುರ್ಗ, ಹೊಳಲ್ಕೆರೆಗಳ ಆಡುಮಾತು ಯಂತ್ರಕ್ಕೆ ಅರ್ಥವಾಗಬೇಕು; ಮೈಕಿನಿಂದ ದೂರ, ಕೊನೆಯ ಸಾಲಿನಲ್ಲಿ ಕೂತ ಹೆಂಗಸಿನ ಮೆಲುದನಿಯೂ ಅದರಲ್ಲಿ ದಾಖಲಾಗಬೇಕು; ಯಂತ್ರ ಬರೆದುಕೊಟ್ಟ ನಡವಳಿಯನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿ, ಆಮೇಲಷ್ಟೇ ರುಜು ಹಾಕಿಸಿಕೊಳ್ಳುವ ಹಳೆಯ ಕ್ರಮವೂ ಅದರೊಂದಿಗೆ ಉಳಿಯಬೇಕು.